ಬಾಲ್ಕೆನ್‌ಹೋಲ್ ಅವರ ಬಣ್ಣದ ಮರದ ಶಿಲ್ಪಗಳು: ಒರಟಾಗಿ ಬಿಡೋದು ಯಾಕೆ, ಬಣ್ಣ ಅಷ್ಟೇ ಯಾಕೆ?

ಮರದಚಕ್ಕೆ ಕೇಳಿದ್ದು:

ಜರ್ಮನಿಯ ಶಿಲ್ಪಿ ಸ್ಟೆಫಾನ್ ಬಾಲ್ಕೆನ್‌ಹೋಲ್ ಅವರ ಕೆಲಸ ಬಲ್ಲವರು, ಮರಗೆತ್ತನೆ ಗೊತ್ತಿರುವವರು ಇಬ್ಬರೂ ಇಲ್ಲಿದ್ದೀರಿ, ಅದಕ್ಕೇ ಕೇಳ್ತಿದ್ದೇನೆ. ಒಂದು ದಪ್ಪ ದಿಮ್ಮಿ. ಅದರ ಕೆಳಗಿನ ಅರ್ಧವೇ ಪೀಠ. ಮೇಲೆ ಬಿಳಿ ಅಂಗಿ, ಕಪ್ಪು ಪ್ಯಾಂಟು ತೊಟ್ಟು ಸುಮ್ಮನೆ ನಿಂತ ಒಬ್ಬ ಮನುಷ್ಯ. ಉಳಿಯ ಏಟು ಮೈತುಂಬ ಕಾಣುತ್ತೆ, ಎದ್ದ ಚಕ್ಕೆ ತೆಗೆದಿಲ್ಲ, ಸೀಳು ಬಿಟ್ಟಿದ್ದರೂ ಮುಚ್ಚಿಲ್ಲ. ಆದರೂ ಆ ಮುಖದಿಂದ ಕಣ್ಣು ಕೀಳೋಕೆ ಆಗಲ್ಲ.

ಇಷ್ಟು ಒರಟಾಗಿ ಬಿಡೋದು ಬರೀ ಶೈಲಿಯಾ, ಇಲ್ಲಾ ಕೆಲಸದಲ್ಲೇ ಅದಕ್ಕೆ ಕಾರಣ ಇದೆಯಾ? ಬಟ್ಟೆ, ಕೂದಲು, ತುಟಿಗೆ ಬಣ್ಣ ಇದೆ. ಮುಖಕ್ಕೂ ಕೈಗೂ ಯಾಕಿಲ್ಲ? ಕಿನ್ನಾಳದ ಗೊಂಬೆಯಲ್ಲಿ ಮರ ಒಂಚೂರೂ ಕಾಣಲ್ಲ, ಇಲ್ಲಿ ನೋಡಿದರೆ ಮರವೇ ಮೈಬಣ್ಣ.

ಇನ್ನೊಂದು, ಅಭ್ಯಾಸಕ್ಕಾಗಿ ಇದೇ ಕ್ರಮದಲ್ಲಿ ಎರಡಡಿ ಎತ್ತರದ ಒಂದು ಆಕೃತಿ ಕೆತ್ತೋದಾದರೆ ನಮ್ಮ ಕಡೆ ಯಾವ ಮರ ತಗೋಬೇಕು? ಸದ್ಯ ಕೈಯಲ್ಲಿರೋದು ಹಲಸು. ಅದರ ಚೂರಿನ ಮೇಲೆ ಅಕ್ರಿಲಿಕ್ ಬಿಳಿ ಹಚ್ಚಿದರೆ ಅಂಚಿನಲ್ಲಿ ಬಣ್ಣ ಎಳೆಗುಂಟ ಹರಿದು ಪಕ್ಕಕ್ಕೆ ದಾಟುತ್ತೆ, ಆಮೇಲೆ ಬಿಳಿ ಹಳದಿಗೆ ತಿರುಗುತ್ತೆ. ಚನ್ನಪಟ್ಟಣದವರ ಹಾಗೆ ಅರಗು ಬಳಸಿದರೆ ಸರಿಹೋಗುತ್ತಾ?

ಉಳಿಪೆಟ್ಟು ಉತ್ತರಿಸಿದ್ದು:

ಒರಟುತನದಿಂದಲೇ ಶುರು ಮಾಡೋಣ. ಬಣ್ಣದ ಪ್ರಶ್ನೆಯ ಉತ್ತರವೂ ಅಲ್ಲೇ ಇದೆ.

ಬಾಲ್ಕೆನ್‌ಹೋಲ್ ಹುಟ್ಟಿದ್ದು 1957ರಲ್ಲಿ, ಹೆಸ್ಸೆ ಪ್ರಾಂತ್ಯದ ಫ್ರಿಟ್ಸ್‌ಲಾರ್‌ನಲ್ಲಿ. 1976ರಿಂದ 1982ರವರೆಗೆ ಹ್ಯಾಂಬರ್ಗ್‌ನ ಕಲಾಶಾಲೆಯಲ್ಲಿ ಓದಿದರು. ಗುರು ಉಲ್ರಿಕ್ ರ್ಯೂಕ್‌ರೀಮ್. ಈ ಗುರುವಿನ ಕೆಲಸ ನೋಡದೆ ಶಿಷ್ಯನ ಕೆಲಸ ಪೂರ್ತಿ ಹಿಡಿಯುವುದಿಲ್ಲ. ರ್ಯೂಕ್‌ರೀಮ್ ದೊಡ್ಡ ಕಲ್ಲಿನ ಗುಂಡನ್ನು ಸೀಳಿ, ಸೀಳಿದ ತುಂಡುಗಳನ್ನು ಮತ್ತೆ ಇದ್ದಲ್ಲೇ ಜೋಡಿಸಿ ನಿಲ್ಲಿಸುವವರು. ಬೆಣೆ ಹೊಡೆಯಲು ಕೊರೆದ ತೂತುಗಳ ಸಾಲು ಕಲ್ಲಿನ ಮೇಲೆ ಹಾಗೇ ಉಳಿದಿರುತ್ತದೆ. ಆಕೃತಿಯೂ ಇಲ್ಲ, ಕತೆಯೂ ಇಲ್ಲ. ಕಲ್ಲಿಗೆ ಏನು ಮಾಡಿದೆವು ಎಂಬುದಷ್ಟೇ ಶಿಲ್ಪ. ಶಿಷ್ಯ 1980ರ ದಶಕದ ಮೊದಲಲ್ಲಿ ಮನುಷ್ಯನ ಆಕೃತಿಗೆ ವಾಪಸು ಬಂದರು. ಆಗಿನ ಕಲಾವಲಯದಲ್ಲಿ ಅದು ಹಳಬರ ಕೆಲಸ ಅನ್ನಿಸಿಕೊಂಡಿತ್ತು. ಆದರೆ ಗುರುವಿನ ಪಾಠವನ್ನು ಬಿಡಲಿಲ್ಲ: ವಸ್ತುವಿಗೆ ಮಾಡಿದ್ದನ್ನು ಮುಚ್ಚಬಾರದು. ಉಳಿ ಏಟು, ಗರಗಸದ ಗೆರೆ, ಸೀಳು ಇವೆಲ್ಲ ಉಳಿದಿರುವುದು ಈ ಪಾಠದಿಂದ.

ಈಗ ಕೆಲಸದ ಕಾರಣಕ್ಕೆ ಬರೋಣ. ಅವರ ಮುಖ್ಯ ಮರ ವಾವಾ. ಘಾನಾದಲ್ಲಿ ವಾವಾ, ನೈಜೀರಿಯಾದಲ್ಲಿ ಒಬೆಚೆ, ಕ್ಯಾಮರೂನಿನಲ್ಲಿ ಅಯೂಸ್, ಜರ್ಮನ್ ವ್ಯಾಪಾರಿಗಳ ಬಾಯಲ್ಲಿ ಅಬಾಚಿ, ಎಲ್ಲಾ ಒಂದೇ ಮರ. ಒಣಗಿದ ಮೇಲೆ ಘನ ಮೀಟರಿಗೆ ಸುಮಾರು 380 ಕಿಲೋ ಮಾತ್ರ. ತೇಗ ಸುಮಾರು 650. ಕೆನೆಬಣ್ಣ, ಚೇಗಿಗೂ (ಕಾಂಡದ ಒಳಗಿನ ಬಲಿತ ಮರ) ಹೊರಗಿನ ಬಿಳಿ ಮರಕ್ಕೂ ಕಣ್ಣಿಗೆ ಬೀಳುವ ವ್ಯತ್ಯಾಸ ಇಲ್ಲ, ಗಂಟು ಕಡಿಮೆ, ಒಂದು ಮೀಟರ್ ಅಡ್ಡಳತೆಯ ದಿಮ್ಮಿ ಸಿಗುತ್ತದೆ. ಮೊದಲು ಚೈನ್ ಸಾದಿಂದ ಒರಟಾಗಿ ಕತ್ತರಿಸಿ, ಆಮೇಲೆ ಉಳಿ ಮತ್ತು ಕೊಡತಿ. ಇಷ್ಟು ಮೆತ್ತನೆ ಮರದಲ್ಲಿ ಅಗಲ ಉಳಿಯ ಒಂದು ಏಟಿಗೆ ಅಂಗೈ ಉದ್ದದ ಚಕ್ಕೆ ಹಾರುತ್ತದೆ. ಅಂದರೆ ಕೆನ್ನೆ ಎಲ್ಲಿ ತಿರುಗಬೇಕು ಎಂಬ ತೀರ್ಮಾನ ಒಂದೇ ಏಟಿನಲ್ಲಿ ಆಗುತ್ತದೆ. ಆ ಏಟನ್ನು ಉಪ್ಪು ಕಾಗದ ಹಾಕಿ ಉಜ್ಜಿದರೆ ಹೋಗುವುದು ಒರಟುತನ ಮಾತ್ರವಲ್ಲ, ಆ ತೀರ್ಮಾನವೂ ಹೋಗುತ್ತದೆ.

ಮುಖವನ್ನು ಹತ್ತಿರದಿಂದ ನೋಡಿ. ಕೆನ್ನೆ ಅಂದರೆ ಐದಾರು ಏಟು, ಪ್ರತಿ ಎರಡು ಏಟಿನ ನಡುವೆ ಒಂದು ಸಣ್ಣ ಏಣು. ಕೆಳತುಟಿಯ ಅಡಿಗೆ ಒಂದು ಕಡಿತ. ರೆಪ್ಪೆಯ ಅಂಚಿಗೆ ಒಂದು, ಕಣ್ಣುಗುಡ್ಡೆ ಎನ್ನುವಲ್ಲಿ ತುಸು ಉಬ್ಬು ಮತ್ತು ಗಾಢ ಬಣ್ಣದ ಒಂದು ಚುಕ್ಕೆ. ಒಂದಡಿ ದೂರದಲ್ಲಿ ಇವು ಬರೀ ಕಡಿತಗಳು. ಎರಡು ಮೂರು ಮೀಟರ್ ಹಿಂದೆ ಸರಿದರೆ ಅವೇ ಸೇರಿ ನೋಟವಾಗುತ್ತವೆ. ನೀವು ಮುಂದೆ ಹೋದಾಗ ಮರ, ಹಿಂದೆ ಬಂದಾಗ ಮನುಷ್ಯ. ಫೋಟೋದಲ್ಲಿ ಇದು ಸಿಗುವುದಿಲ್ಲ, ಯಾಕೆಂದರೆ ಫೋಟೋ ಒಂದೇ ದೂರದಲ್ಲಿ ನಿಂತಿರುತ್ತದೆ.

ಭಂಗಿಯನ್ನೂ ಗಮನಿಸಿ. ಕೈ ಜೇಬಿನಲ್ಲಿ, ಅಥವಾ ಮೈಗಂಟಿ ಕೆಳಗೆ ಇಳಿಬಿಟ್ಟಿದ್ದು. ಕಾಲುಗಳು ಜೊತೆಗೆ. ಇದು ನಾಟಕೀಯ ಭಂಗಿ ಬೇಡವೆಂಬ ಆಯ್ಕೆಯೂ ಹೌದು, ಮರದ ಒತ್ತಾಯವೂ ಹೌದು. ದಿಮ್ಮಿಯ ಎಳೆ ಮೇಲಿನಿಂದ ಕೆಳಕ್ಕೆ ಓಡುತ್ತದೆ. ಕೈ ಅಡ್ಡಕ್ಕೆ ಚಾಚಿದರೆ ಎಳೆ ಅಲ್ಲಿ ಎರಡು ಮೂರು ಇಂಚಿಗೇ ಮುಗಿಯುತ್ತದೆ, ತೋಳು ಬಿಸ್ಕತ್ತಿನಂತೆ ಮುರಿಯುತ್ತದೆ. ಇಡೀ ಮೈ ಕಾಂಡದೊಳಗೇ ಇರುವುದರಿಂದಲೇ ಆ ನಿಲುವಿಗೆ ಮರದ ನೇರ ಬಂದಿದೆ. ಪೀಠವನ್ನು ಬೇರೆ ಮಾಡಿ ಕೂರಿಸದಿರುವುದೂ ಇಲ್ಲಿಗೇ ಸೇರುತ್ತದೆ: ಅವನು ಕಾಂಡದಿಂದ ಇಳಿದಿಲ್ಲ. ಅಂಗಾಲು ಎಲ್ಲಿ ಮುಗಿದು ಪೀಠ ಎಲ್ಲಿ ಶುರು ಎಂದು ಬಗ್ಗಿ ನೋಡಿ, ಆ ಜಾಗ ಅವರ ಕೆಲಸದಲ್ಲಿ ನನಗೆ ಅತಿ ಇಷ್ಟ.

ಬಣ್ಣದಬಟ್ಟಲು ಉತ್ತರಿಸಿದ್ದು:

ಉಳಿಪೆಟ್ಟು ಅವರ ಮಾತಿಗೆ ಒಂದು ಸೇರಿಸುತ್ತೇನೆ, ಒಂದು ತಕರಾರೂ ಇದೆ. ತಕರಾರು ಕೊನೆಗೆ.

ಬಣ್ಣದ ಮರದ ಶಿಲ್ಪ ಜರ್ಮನಿಗೆ ಹೊಸದಲ್ಲ. 15ನೇ ಶತಮಾನದ ಚರ್ಚುಗಳಲ್ಲಿ ಲಿಂಡೆನ್ ಮರದ ಸಂತರ ಮೂರ್ತಿಗಳು ತುಂಬಿದ್ದವು. ಕೆತ್ತುವವನು ಒಬ್ಬ, ಬಣ್ಣ ಕಟ್ಟುವವನು ಇನ್ನೊಬ್ಬ. ಕೆತ್ತಿದ ಮೇಲೆ ಮೊದಲು ಚರ್ಮದ ಅಂಟು, ಮೇಲೆ ಸೀಮೆಸುಣ್ಣ ಅಂಟು ಕಲಸಿದ ಬಿಳಿ ಲೇಪ ಹಲವು ಪದರ, ಅದನ್ನು ನುಣುಪು ಮಾಡಿ ಮೈಬಣ್ಣ, ಚಿನ್ನದ ರೇಕು. ಮರ ಪೂರ್ತಿ ಮುಚ್ಚಿ ಮೂರ್ತಿ ಮಾಂಸದಂತೆ, ರೇಷ್ಮೆಯಂತೆ ಕಾಣಬೇಕು. ಆ ಕಾಲದ ಶಿಲ್ಪಿ ರೀಮನ್‌ಷ್ನೈಡರ್ ಮ್ಯುನ್ನರ್‌ಶ್ಟಾಟ್ ಊರಿನ ಚರ್ಚಿಗೆ 1492ರಲ್ಲಿ ಬಣ್ಣವಿಲ್ಲದ ಬರೀ ಮರದ ವೇದಿಕೆಶಿಲ್ಪ (ಪೂಜಾವೇದಿಕೆಯ ಹಿಂದೆ ನಿಲ್ಲಿಸುವ ಶಿಲ್ಪ) ಕೊಟ್ಟರು. ಸುಮಾರು ಹನ್ನೆರಡು ವರ್ಷದ ಮೇಲೆ ಊರಿನವರು ಇನ್ನೊಬ್ಬ ಶಿಲ್ಪಿ ಫೈಟ್ ಶ್ಟೋಸ್ ಅವರನ್ನು ಕರೆಸಿ ಅದಕ್ಕೆ ಬಣ್ಣ ಕಟ್ಟಿಸಿದರು. ಮರ ಕಾಣಬೇಕೋ ಮುಚ್ಚಬೇಕೋ ಎಂಬ ಜಗಳ ಅಷ್ಟು ಹಳೆಯದು.

ನಮ್ಮ ಕಿನ್ನಾಳವೂ ಮುಚ್ಚುವ ಪಕ್ಷವೇ. ಹಗುರ ಪೊಳ್ಕಿ ಮರದ ಮೇಲೆ ಸೆಣಬಿನ ಚಿಂದಿಯ ಪುಡಿ, ಹುಣಸೆ ಬೀಜದ ಅಂಟು ಸೇರಿಸಿದ ಮೆತ್ತು, ಅದರ ಮೇಲೆ ಕಲ್ಲುಪುಡಿ ಮತ್ತು ಅಂಟಿನ ಬಿಳಿ ಲೇಪ, ಆಮೇಲೆ ಬಣ್ಣ. ಒಡವೆ, ಪದಕದ ಉಬ್ಬುಗಳನ್ನು ಕೆತ್ತುವುದಕ್ಕಿಂತ ಹೆಚ್ಚಾಗಿ ಮೆತ್ತಿನಿಂದಲೇ ಎತ್ತುತ್ತಾರೆ. ಮರ ಒಳಗಿನ ಎಲುಬು ಅಷ್ಟೆ. ಇದು ಕೊರತೆಯಲ್ಲ, ಬೇರೆ ಉದ್ದೇಶ: ದೇವರ ಮೈಮೇಲೆ ಮರದ ಗಂಟು ಕಾಣಬಾರದು.

ಬಾಲ್ಕೆನ್‌ಹೋಲ್ ಮಾಡಿದ್ದು ನಡುವಿನ ಬಿಳಿ ಲೇಪವನ್ನೇ ತೆಗೆದುಹಾಕಿದ್ದು. ಬಣ್ಣ ನೇರ ಮರದ ಮೇಲೆ ಕೂತಿದೆ, ತೆಳ್ಳಗೆ. ಹಾಗಾಗಿ ಬಿಳಿ ಅಂಗಿಯೊಳಗೂ ಉಳಿ ಏಟು ಕಾಣುತ್ತದೆ. ಕುತ್ತಿಗೆಯ ಹತ್ತಿರ ಅಂಗಿ ಮುಗಿದಲ್ಲಿ ಬಣ್ಣವೂ ಮುಗಿಯುತ್ತದೆ, ಮರ ಮುಂದುವರಿಯುತ್ತದೆ. ನೀವು ಕೇಳಿದಿರಲ್ಲ, ಮುಖಕ್ಕೆ ಯಾಕೆ ಇಲ್ಲ ಅಂತ. ಅಂಗಿಗೆ ಬಣ್ಣ ಹಚ್ಚಿದ್ದರಿಂದಲೇ ಹಚ್ಚದ ಜಾಗ ಚರ್ಮವಾಯಿತು. ಅಂಗಿಯನ್ನೂ ಹಾಗೇ ಬಿಟ್ಟಿದ್ದರೆ ಮುಖ ಬರೀ ಮರವಾಗಿ ಉಳಿಯುತ್ತಿತ್ತು. ಮುಖಕ್ಕೂ ಹಚ್ಚಿದ್ದರೆ ಅಂಗಡಿಯ ಬೊಂಬೆಯಾಗುತ್ತಿತ್ತು. ಅವರ ಬಣ್ಣದ ಜಾಣ್ಮೆ ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲಿದೆ.

ಹೋಲಿಸಿ ನೋಡಲು ಇಬ್ಬರು ಶಿಲ್ಪಿಗಳು. ಜಪಾನಿನ ಕತ್ಸುರಾ ಫುನಾಕೋಶಿ (1951–2024) ಕರ್ಪೂರದ ಮರದಲ್ಲಿ ಎದೆಮಟ್ಟದ ಆಕೃತಿ ಕೆತ್ತಿ ಬಣ್ಣ ಹಾಕುತ್ತಿದ್ದರು. ಆದರೆ ಕಣ್ಣು ಅಮೃತಶಿಲೆಯದು, ಕೂರಿಸಿದ್ದು. ಆ ನೋಟ ಒಳಮುಖ, ತೇವ. ಜರ್ಮನಿಯ ಗೇಯೋರ್ಗ್ ಬಾಸೆಲಿಟ್ಸ್ 1980ರ ವೆನಿಸ್ ಬಿಯೆನಾಲೆ ಕಲಾಪ್ರದರ್ಶನದಲ್ಲಿ ಇಟ್ಟ ಮರದ ಆಕೃತಿಯಲ್ಲಿ ಬಣ್ಣ ಬಟ್ಟೆಯೂ ಅಲ್ಲ, ಚರ್ಮವೂ ಅಲ್ಲ, ಮರಕ್ಕೆ ಬಿದ್ದ ಇನ್ನೊಂದು ಏಟು. ಬಾಲ್ಕೆನ್‌ಹೋಲ್ ಅವರ ಬಣ್ಣ ಇವರಿಬ್ಬರಿಗಿಂತ ಶಾಂತ. ಬಿಳಿ ಅಂಗಿ ಬಿಳಿ ಅಂಗಿಯೇ.

ಈಗ ನಿಮ್ಮ ಹಲಸಿನ ಹಳದಿ. ಹಲಸಿನ ಚೇಗಿನಲ್ಲಿ ಮೋರಿನ್ ಎಂಬ ಹಳದಿ ಬಣ್ಣದ್ರವ್ಯ ಇದೆ. ಬೌದ್ಧ ಭಿಕ್ಷುಗಳ ಕಾವಿಗೆ ಹಲಸಿನ ಚಕ್ಕೆ ಬೇಯಿಸುವುದು ಇದಕ್ಕಾಗಿಯೇ. ಅಕ್ರಿಲಿಕ್‌ನಲ್ಲಿರುವ ನೀರು ಅದನ್ನು ಕರಗಿಸಿ ಮೇಲಕ್ಕೆ ಎಳೆಯುತ್ತದೆ. ಎಷ್ಟು ಪದರ ಬಿಳಿ ಹಚ್ಚಿದರೂ ಪ್ರತಿ ಪದರದ ನೀರೂ ಇನ್ನಷ್ಟು ಎಳೆದು ತರುತ್ತದೆ. ತಡೆಯಬೇಕಾದರೆ ನೀರಿಲ್ಲದ ಒಂದು ಪದರ ನಡುವೆ ಬೇಕು. ಫ್ರೆಂಚ್ ಪಾಲಿಶ್‌ಗೆ ಬಳಸುವ ಅರಗಿನ ಚಕ್ಕೆ 12–15 ಗ್ರಾಂ, ಸ್ಪಿರಿಟ್ 100 ಮಿಲಿ, ಗಾಜಿನ ಬಾಟಲಿಯಲ್ಲಿ ಹಾಕಿ ಒಂದು ರಾತ್ರಿ ಬಿಡಿ. ಕಲಕಬೇಡಿ. ಅಡಿಯಲ್ಲಿ ಮೇಣ ಕೂರುತ್ತದೆ, ಮೇಲಿನ ತಿಳಿ ಮಾತ್ರ ತೆಗೆದು ಬಿಳಿ ಬರುವ ಜಾಗಕ್ಕಷ್ಟೇ ಎರಡು ಪದರ ಹಚ್ಚಿ. ಮೇಣ ಬಂದರೆ ಅಕ್ರಿಲಿಕ್ ಹಿಡಿಯದೆ ಸಿಪ್ಪೆ ಏಳುತ್ತದೆ. ಇಷ್ಟು ಮಾಡಿದರೂ ಹಲಸಿನ ಮೈಬಣ್ಣವೇ ಮೊದಲು ಹಳದಿ, ವರ್ಷ ಕಳೆದಂತೆ ಕಂದು. ಬೋಳು ಮರವನ್ನೇ ಚರ್ಮ ಅನ್ನಿಸುವ ಈ ಕ್ರಮಕ್ಕೆ ಅದು ಒಗ್ಗುವುದಿಲ್ಲ. ಅದನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ.

ಅಂಚಿನಲ್ಲಿ ಹರಿಯುವುದಕ್ಕೆ ಔಷಧಿ ಉಳಿಯಲ್ಲೇ ಇದೆ. ಕಾಲರ್ ಮುಗಿಯುವ ಗೆರೆಯನ್ನು ಪೆನ್ಸಿಲಿನಲ್ಲಿ ಎಳೆದು ಬಿಡಬೇಡಿ, ಚೂಪಾದ ಚಾಕುವಿನಿಂದ ಒಂದರಿಂದ ಎರಡು ಮಿಲಿಮೀಟರ್ ಆಳ ಕಡಿಯಿರಿ. ಎಳೆ ಅಲ್ಲಿ ತುಂಡಾದರೆ ಬಣ್ಣ ದಾಟಲು ದಾರಿಯೇ ಇಲ್ಲ. ಸಾಧ್ಯವಾದಲ್ಲಿ ಬಟ್ಟೆಯ ಕಡೆ ಒಂದು ಮೆಟ್ಟಿಲು ಎತ್ತರ ಇರಲಿ, ಅಂಗಿ ಚರ್ಮಕ್ಕಿಂತ ಮೇಲಿದ್ದಂತೆ. ಅಂಚಿಗೆ ಟ್ಯೂಬಿನ ಬಣ್ಣವನ್ನು ನೀರು ಬೆರೆಸದೆ ಚಪ್ಪಟೆ ಬ್ರಷ್‌ನಲ್ಲಿ ಮೊದಲು ಎಳೆದು ಒಣಗಲು ಬಿಡಿ. ಒಳಗಿನ ಜಾಗಕ್ಕೆ ಆಮೇಲೆ ತೆಳು ಮಾಡಿಕೊಂಡು ಹಚ್ಚಿ. ಭುಜದ ಮೇಲ್ಭಾಗ, ತಲೆಯ ನೆತ್ತಿ ಇವು ಎಳೆಯ ತುದಿ ಕಾಣುವ ಜಾಗಗಳು, ಬಣ್ಣ ಹೀರಿ ಪಕ್ಕಕ್ಕಿಂತ ಕಪ್ಪಾಗುತ್ತವೆ. ಒಂದು ಪಾಲು ಮ್ಯಾಟ್ ಅಕ್ರಿಲಿಕ್ ಮೀಡಿಯಂಗೆ ಮೂರು ಪಾಲು ನೀರು ಸೇರಿಸಿ ಅಲ್ಲಿ ಮಾತ್ರ ಮೊದಲು ಒಂದು ಕೈ ಹಚ್ಚಿ.

ಎಣ್ಣೆಬಣ್ಣ ಬೇಡ. ಅದರ ಎಣ್ಣೆ ಬಣ್ಣದಿಂದ ಬೇರ್ಪಟ್ಟು ಬೋಳು ಮರದೊಳಗೆ ಹರಡಿ ಅಂಗಿಯ ಸುತ್ತ ಜಿಡ್ಡಿನ ಕಲೆ ಬೀಳುತ್ತದೆ, ಅದನ್ನು ತೆಗೆಯಲು ಆಗುವುದಿಲ್ಲ. ಚನ್ನಪಟ್ಟಣದ ಅರಗು ಇಲ್ಲಿ ಕೆಲಸಕ್ಕೆ ಬಾರದು. ಅಲ್ಲಿ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಹಿಡಿಯುತ್ತದೆ, ಕೇದಗೆ ಗರಿ ಒತ್ತಿದರೆ ಹೊಳಪು ಬರುತ್ತದೆ. ಕಡೆಯುವ ಯಂತ್ರದ ಮೇಲೆ ತಿರುಗದ ಮೈಗೆ ಆ ಬಿಸಿ ಬರುವುದೇ ಇಲ್ಲ. ಬಂದರೂ ಆ ಹೊಳಪು ಉಳಿ ಏಟನ್ನು ಕೊಲ್ಲುತ್ತದೆ.

ಇನ್ನು ತಕರಾರು. ಎದ್ದ ಚಕ್ಕೆ, ಸೀಳು ಎಲ್ಲ ‘ಉಳಿದದ್ದು’ ಎಂದು ಬರೆದಿದ್ದೀರಿ. ಉಳಿದದ್ದಲ್ಲ, ಆರಿಸಿ ಉಳಿಸಿದ್ದು. ಪೀಠದ ಮೇಲೆ ಗರಗಸದ ಗೆರೆ ಒರಟಾಗಿ ಬಿಟ್ಟವರು ಕಣ್ಣಿನ ಸುತ್ತ ಎಷ್ಟು ಸಣ್ಣ ಉಳಿ ಹಿಡಿದಿದ್ದಾರೆ ನೋಡಿ. ಒರಟು ಎಲ್ಲ ಕಡೆ ಒಂದೇ ಪ್ರಮಾಣದಲ್ಲಿಲ್ಲ. ಅವರನ್ನು ಅನುಕರಿಸುವವರ ಕೆಲಸ ಸೋಲುವುದೇ ಇಲ್ಲಿ: ಮೈಯೆಲ್ಲಾ ಒಂದೇ ಹದದ ಏಟು ಹಾಕಿ ಅಲಂಕಾರ ಮಾಡಿಬಿಡುತ್ತಾರೆ.

ಉಳಿಪೆಟ್ಟು ಉತ್ತರಿಸಿದ್ದು:

ಒಪ್ಪಿದೆ, ‘ಆರಿಸಿ ಉಳಿಸಿದ್ದು’ ಎನ್ನುವುದೇ ಸರಿಯಾದ ಮಾತು.

ನೋಡಲು ಸಿಗುವ ಕೆಲಸಗಳ ಬಗ್ಗೆ ಎರಡು ಸಾಲು. ಫ್ರಾಂಕ್‌ಫರ್ಟ್‌ನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ 1991ರ ‘57 ಪೆಂಗ್ವಿನ್‌ಗಳು’ ಇದೆ. ಐವತ್ತೇಳೂ ಬೇರೆ ಬೇರೆ ಪೀಠದ ಮೇಲೆ, ಪ್ರತಿಯೊಂದರ ಕತ್ತು, ತಿರುವು ಬೇರೆ. ‘ಯಾವಾಗಲೂ ಅದೇ ಮನುಷ್ಯ’ ಎಂದು ದೂರುವವರು ಇದರ ನಡುವೆ ಒಮ್ಮೆ ನಡೆದಾಡಬೇಕು. ಒಂದೇ ಬಗೆಯ ಜೀವವನ್ನು ಮತ್ತೆ ಮತ್ತೆ ಕೆತ್ತುವುದರಲ್ಲಿ ಏನು ಹುಡುಕುತ್ತಾರೆ ಎಂದು ಗೊತ್ತಾಗುತ್ತದೆ. ಸಾಲ್ಸ್‌ಬರ್ಗ್‌ನ ಕಪಿಟೆಲ್ ಚೌಕದಲ್ಲಿ 2007ರ ‘ಸ್ಫೇರಾ’: ದೊಡ್ಡ ಚಿನ್ನದ ಗೋಳ, ಮೇಲೆ ಬಿಳಿ ಅಂಗಿ ಕಪ್ಪು ಪ್ಯಾಂಟಿನ ಅದೇ ವ್ಯಕ್ತಿ. ಲೈಪ್‌ಝಿಗ್‌ನಲ್ಲಿ 2013ರ ಮೇ 22ರಂದು, ಸಂಗೀತಕಾರ ವಾಗ್ನರ್ ಹುಟ್ಟಿ 200 ವರ್ಷ ತುಂಬಿದ ದಿನ, ಅನಾವರಣವಾದ ಸ್ಮಾರಕ: ಆಳೆತ್ತರದ ತರುಣ ವಾಗ್ನರ್, ಬಣ್ಣ ಹಾಕಿದ ಕಂಚು, ಬೆನ್ನ ಹಿಂದೆ ಭಾರೀ ಕಪ್ಪು ನೆರಳು. ಜರ್ಮನಿಯ ಶಿಲ್ಪಿ ಮ್ಯಾಕ್ಸ್ ಕ್ಲಿಂಗರ್ ಶತಮಾನದ ಹಿಂದೆ ಶುರು ಮಾಡಿ ಪೂರ್ತಿಯಾಗದೆ ಉಳಿದ ಸ್ಮಾರಕದ ಅಮೃತಶಿಲೆಯ ಪೀಠದ ಮೇಲೆ ಅದು ನಿಂತಿದೆ.

ಸಂಗ್ರಹಾಲಯದ ಕೋಣೆಯಲ್ಲಿ ನಿಂತು ನೋಡುವಾಗ ಅಳತೆ ಗಮನಿಸಿ. ನಿಂತ ಆಕೃತಿ ಸಾಮಾನ್ಯವಾಗಿ ಆಳೆತ್ತರಕ್ಕಿಂತ ಚಿಕ್ಕದು. ಪೀಠ ಸೇರಿದಾಗ ಮಾತ್ರ ಅದರ ಮುಖ ನಿಮ್ಮ ಮುಖದ ಹತ್ತಿರಕ್ಕೆ ಬರುತ್ತದೆ. ಸ್ಮಾರಕದ ಹಾಗೆ ತಲೆ ಎತ್ತಿ ನೋಡಬೇಕಿಲ್ಲ, ಆಟಿಕೆಯ ಹಾಗೆ ಬಗ್ಗಿ ನೋಡಬೇಕಿಲ್ಲ.

ಕೊಡತಿ ಉತ್ತರಿಸಿದ್ದು:

ಮರ ಮತ್ತು ಕೆತ್ತನೆಯ ಭಾಗ ನಾನು ಹೇಳ್ತೇನೆ.

ಮರಕ್ಕೆ ಶಿವನಿ ತಗೊಳ್ಳಿ. ಸಾಗರ, ಸೊರಬದ ಗುಡಿಗಾರರು ಗಂಧ ಬಿಟ್ಟರೆ ನಂಬುವ ಮರ. ಕೆನೆಬಣ್ಣ, ಹಗುರ, ಒಣಗಿದ ಮೇಲೆ ಹೆಚ್ಚು ಹಿಗ್ಗಿ ಕುಗ್ಗುವುದಿಲ್ಲ, ಬಿಳಿ ಬಣ್ಣಕ್ಕೆ ಕಲೆ ಬಿಡುವುದು ಕಡಿಮೆ. ವಾವಾಕ್ಕಿಂತ ತೂಕ ಸ್ವಲ್ಪ ಜಾಸ್ತಿ, ಆದರೆ ಉಳಿಗೆ ಸುಖ. ಇನ್ನೂ ಮೆತ್ತಗೆ ಬೇಕಾದರೆ ಮದ್ದಾಲೆ, ಹಾಲವಾಣ ಇವೆ. ಹಾಲವಾಣ ತೀರಾ ಮೆದು, ಮೂಗು ಕಿವಿ ನಿಲ್ಲುವುದಿಲ್ಲ. ಚನ್ನಪಟ್ಟಣದ ಹಾಲೆಮರ ಕಡೆಯುವುದಕ್ಕೆ ಚಂದ, ದೊಡ್ಡ ಏಟಿಗೆ ಗಟ್ಟಿಯಾಯಿತು, ಅಷ್ಟು ದಪ್ಪವೂ ಸಿಗುವುದಿಲ್ಲ.

ದಿಮ್ಮಿ 60 ಸೆಂಟಿಮೀಟರ್ ಉದ್ದ, ಅಡ್ಡಳತೆ 30ಕ್ಕೆ ಕಡಿಮೆ ಬೇಡ. ಅದನ್ನು ನಡುವೆ ಸೀಳಿ ಅರ್ಧ ತಗೊಳ್ಳಿ, ತಿರುಳು ಇರುವ ಭಾಗವನ್ನು ಎರಡು ಬೆರಳು ದಪ್ಪ ತೆಗೆದುಬಿಡಿ. ಕಾರಣ ಇಷ್ಟೆ: ಮರ ಒಣಗುವಾಗ ವರ್ಷಬಳೆಯ ಸುತ್ತಿನ ಉದ್ದಕ್ಕೆ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ತಿರುಳು ಒಳಗಿದ್ದರೆ ಸುತ್ತು ಬಿಗಿದು ಎಲ್ಲೋ ಒಂದು ಕಡೆ ಬಿರಿಯಲೇಬೇಕು. ಬಾಲ್ಕೆನ್‌ಹೋಲ್ ಅವರ ದಿಮ್ಮಿಗಳಲ್ಲಿ ಕಾಣುವ ಉದ್ದ ಸೀಳು ಇದೇ. ನಿಮಗೂ ಇಡೀ ಕಾಂಡವೇ ಬೇಕು ಅನ್ನಿಸಿದರೆ ಬೆನ್ನಿನ ಕಡೆಯಿಂದ ತಿರುಳಿನವರೆಗೆ ಉದ್ದಕ್ಕೆ ಒಂದು ಗರಗಸದ ಸೀಳು ಹಾಕಿ ಇಟ್ಟರೆ ಹೆಚ್ಚಿನ ಬಿರುಕು ಅಲ್ಲೇ ತೆರೆದುಕೊಳ್ಳುತ್ತದೆ, ಮುಖ ಉಳಿಯುತ್ತದೆ. ಕಡಿದ ದಿನವೇ ಎರಡು ತುದಿಗೂ ಮೇಣ ಅಥವಾ ದಪ್ಪ ಫೆವಿಕಾಲ್ ಬಳಿಯಿರಿ.

ಅಳತೆ: ಕೆಳಗಿನ 25 ಸೆಂಟಿಮೀಟರ್ ಪೀಠ, ಮೇಲಿನ 35 ಆಕೃತಿ. ತಲೆ 5, ಭುಜದ ಅಗಲ 9, ಎದೆಯ ದಪ್ಪ 6. ಮುಂದಿನ ಮೈ, ಪಕ್ಕದ ಮೈ ಎರಡನ್ನೂ ಬಾಚಿಯಿಂದ ಸಪಾಟು ಮಾಡಿ ಎರಡೂ ಕಡೆ ಚಿತ್ರ ಬರೆಯಿರಿ. ನಡುಗೆರೆ ಕಡಿದಾಗಲೆಲ್ಲ ಹೋಗುತ್ತದೆ, ಹೋದಾಗಲೆಲ್ಲ ಮತ್ತೆ ಎಳೆಯಬೇಕು. ಆಕೃತಿ ಒಂದು ಕಡೆಗೆ ವಾಲುವುದು ಇದನ್ನು ಬಿಟ್ಟಾಗಲೇ. ಚೈನ್ ಸಾ ಇಷ್ಟು ಸಣ್ಣ ಕೆಲಸಕ್ಕೆ ಅಪಾಯ, ತುದಿ ತಾಗಿದರೆ ಎದುರಿಗೇ ಎಗರುತ್ತದೆ. ಕೈಗರಗಸ ಸಾಕು. ಗೆರೆಗೆ 5 ಮಿಲಿಮೀಟರ್ ಬಾಕಿ ಇರುವವರೆಗೆ, ಎರಡು ಸೆಂಟಿಮೀಟರಿಗೆ ಒಂದರಂತೆ ಅಡ್ಡ ಕಡಿತ ಹಾಕಿ, ನಡುವಿನ ಮರವನ್ನು ಅಗಲ ಉಳಿಯಿಂದ ಹಾರಿಸಿ. ಅಡ್ಡ ಕಡಿತ ಇಲ್ಲದೆ ಹೊಡೆದರೆ ಚಕ್ಕೆ ಎಳೆ ಹಿಡಿದು ಭುಜದಿಂದ ಪಾದದವರೆಗೂ ಸೀಳಿಕೊಂಡು ಹೋಗುತ್ತದೆ.

ಆಮೇಲೆ 25 ಅಥವಾ 30 ಮಿಲಿಮೀಟರಿನ ದುಂಡು ಬಾಯಿಯ ಉಳಿ. ಇದರಲ್ಲೇ ಆದಷ್ಟು ದೂರ ಹೋಗಿ. ತಲೆಯನ್ನು ಮೊದಲು ನಾಲ್ಕು ಮುಖದ ಚೌಕ ತುಂಡಾಗಿ ಮಾಡಿ, ಮೂಗಿನ ಏಣು ಬಿಟ್ಟು ಎರಡು ಕೆನ್ನೆಯನ್ನು ಹಿಂದಕ್ಕೆ ಓರೆ ಮಾಡಿ, ಕಣ್ಣಿನ ಜಾಗಕ್ಕೆ ಒಂದೊಂದು ತಗ್ಗು. ಸಣ್ಣ ಉಳಿಗೆ ಬೇಗ ಇಳಿದರೆ ಕಣ್ಣು ತುಟಿ ಚಂದ ಬರುತ್ತವೆ, ತಲೆಬುರುಡೆಯೇ ಇರುವುದಿಲ್ಲ. ಮುಖಕ್ಕೆ ಕೊನೆಯಲ್ಲಿ 6ರಿಂದ 8 ಮಿಲಿಮೀಟರಿನದು ಸಾಕು, ಬಟ್ಟೆಗೆ 15ಕ್ಕಿಂತ ಸಣ್ಣದು ಬೇಡ. ಪಾದ ಕೊನೆಗೆ ಕೆತ್ತಿ. ಎರಡು ಕಾಲಿನ ನಡುವಿನ ಮರ ಅಲ್ಲಿಯವರೆಗೆ ಇರಲಿ, ಅದು ಹೋದ ಮೇಲೆ ಮೇಲ್ಗಡೆ ಹೊಡೆಯುವ ಪ್ರತಿ ಪೆಟ್ಟು ಕಣಕಾಲಿಗೆ ಬೀಳುತ್ತದೆ.

ಒರಟು ಬೇರೆ, ಹರಿದದ್ದು ಬೇರೆ. ಇದನ್ನು ಒತ್ತಿ ಹೇಳ್ತೇನೆ. ಮೆತ್ತನೆ ಮರಕ್ಕೆ ಉಳಿ ಗಟ್ಟಿ ಮರಕ್ಕಿಂತ ಹೆಚ್ಚು ಚೂಪಿರಬೇಕು. ಮೊಂಡ ಉಳಿ ಕತ್ತರಿಸುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಜಾಗ ಬಣ್ಣವನ್ನು ಸ್ಪಂಜಿನಂತೆ ಹೀರಿ ಮಚ್ಚೆ ಬೀಳುತ್ತದೆ. ಚೂಪಾದ ಉಳಿಯ ಏಟು ಒಳಗೆ ಮಿಣ್ಣಗೆ ಹೊಳೆಯುತ್ತದೆ, ಅದೇ ಗುರುತು. ಸಾಣೆ ಹಿಡಿದ ಮೇಲೆ ಚರ್ಮದ ಪಟ್ಟಿಗೆ ಪಾಲಿಶ್ ಸೋಪು ಹಚ್ಚಿ ಎಳೆಯಿರಿ, ಇಪ್ಪತ್ತು ನಿಮಿಷಕ್ಕೊಮ್ಮೆ. ನೀರಿನ ಬಣ್ಣ ಹಚ್ಚಿದ ಮೇಲೆ ಎಳೆ ಎದ್ದರೆ ಉಪ್ಪು ಕಾಗದ ಹಿಡಿಯಬೇಡಿ, ಅದೇ ಉಳಿಯಿಂದ ತೆಳ್ಳಗೆ ಕತ್ತರಿಸಿ ಬಣ್ಣ ಮುಟ್ಟಿಸಿ.

ಬಿಳಿ ಮರಗಳಿಗೆಲ್ಲ ಕುಟ್ಟೆ ಹುಳದ ಕಾಟ ಉಂಟು. ಕೆತ್ತಿ ಮುಗಿದ ಮೇಲೆ, ಬಣ್ಣಕ್ಕೆ ಮೊದಲು, ಒಂದು ಲೀಟರ್ ಬಿಸಿನೀರಿಗೆ ಬೋರಾಕ್ಸ್ 36 ಗ್ರಾಂ, ಬೋರಿಕ್ ಆಸಿಡ್ 24 ಗ್ರಾಂ ಕರಗಿಸಿ ಮೂರು ಸಲ ಬಳಿಯಿರಿ, ಪೀಠದ ಅಡಿಗೆ ಮರೆಯಬೇಡಿ. ಪೂರ್ತಿ ಒಣಗಲು ಒಂದು ವಾರ ಬಿಡಿ. ಬೇಗ ಬಣ್ಣ ಹಚ್ಚಿದರೆ ಮೇಲೆ ಬಿಳಿ ಪುಡಿ ಕೂರುತ್ತದೆ.

ಮರದಚಕ್ಕೆ ಕೇಳಿದ್ದು:

ಇಷ್ಟು ವಿವರವಾಗಿ ಬರೆದದ್ದಕ್ಕೆ ಮೂವರಿಗೂ ತುಂಬಾ ಧನ್ಯವಾದ. ಇನ್ನು ಮೂರು ಸಂಶಯ. ಬಣ್ಣ ಹಾಕಿದ ಮೇಲೆ ಬಿರುಕು ಬಂದರೆ ತುಂಬಬೇಕಾ? ಆಕೃತಿಯನ್ನು ಅಂಗಳದಲ್ಲಿ ಇಡಬಹುದಾ? ಬೋಳು ಮುಖಕ್ಕೆ ವಾರ್ನಿಶ್?

ಕೊಡತಿ ಉತ್ತರಿಸಿದ್ದು:

ಬಿರುಕು ತುಂಬಬೇಡಿ. ಮಳೆಗಾಲದಲ್ಲಿ ಮರ ಹಿಗ್ಗಿದಾಗ ತುಂಬಿದ ಪುಟ್ಟಿ ಅಥವಾ ಅಂಟು ಬೆಣೆಯಾಗಿ ಪಕ್ಕದಲ್ಲಿ ಇನ್ನೊಂದು ಬಿರುಕು ಬಿಡಿಸುತ್ತದೆ. ಮುಖದ ನಡುವೆ ಬಂದು ತೀರಾ ಕಣ್ಣಿಗೆ ಹೊಡೆದರೆ ಅದೇ ಮರದ ತೆಳು ಪಟ್ಟಿಯನ್ನು ಎಳೆ ಹೊಂದಿಸಿ ಒಂದೇ ಬದಿಗೆ ಅಂಟಿಸಿ ಕೂರಿಸಿ, ಇನ್ನೊಂದು ಬದಿ ಬಿಡುವಾಗಿರಲಿ. ಅಂಗಳಕ್ಕೆ ಶಿವನಿ ಬೇಡ. ಬೋರಾಕ್ಸ್ ಮಳೆಗೆ ತೊಳೆದು ಹೋಗುತ್ತದೆ, ಎರಡು ಮಳೆಗಾಲದಲ್ಲಿ ಪೀಠದ ಅಡಿ ಗೆದ್ದಲಿಗೆ. ಮರವನ್ನೇ ಹೊರಗಿಡುವುದಾದರೆ ಮರವೇ ಬೇರೆ ಇರಬೇಕು: ಹ್ಯಾಂಬರ್ಗ್‌ನ ನೀರಿನ ಮೇಲೆ 1993ರಲ್ಲಿ ನಿಲ್ಲಿಸಿದ ಬಾಲ್ಕೆನ್‌ಹೋಲ್ ಅವರ ‘ಬೋಯೆಗಳ ಮೇಲಿನ ನಾಲ್ವರು’ (ಬೋಯೆ ಅಂದರೆ ನೀರಿನಲ್ಲಿ ತೇಲುವ ಗುರುತು) ಓಕ್ ಮರದವು, ವಾವಾದವಲ್ಲ.

ಬಣ್ಣದಬಟ್ಟಲು ಉತ್ತರಿಸಿದ್ದು:

ಮುಖಕ್ಕೆ ವಾರ್ನಿಶ್ ಹಚ್ಚಿದರೆ ಮರ ಒದ್ದೆಯಾದಂತೆ ಗಾಢವಾಗಿ ಅಂಗಿಯ ಬಿಳಿಗೂ ಮುಖಕ್ಕೂ ಇರುವ ಹೊಂದಿಕೆ ತಪ್ಪುತ್ತದೆ. ಬಿಸಿಲು ನೇರ ಬೀಳದ ಜಾಗದಲ್ಲಿಟ್ಟು ಹಾಗೇ ಬಿಡಿ, ವರ್ಷಗಳಲ್ಲಿ ತುಸು ಜೇನುಬಣ್ಣಕ್ಕೆ ಬರುತ್ತದೆ. ಧೂಳು ಕೂತರೆ ಒದ್ದೆ ಬಟ್ಟೆ ಬೇಡ, ಮೆತ್ತನೆ ಒಣ ಬ್ರಷ್ ಮೇಲಿನಿಂದ ಕೆಳಕ್ಕೆ, ಎದ್ದ ಚಕ್ಕೆಗಳಿಗೆ ಸಿಕ್ಕಿಕೊಳ್ಳದ ಹಾಗೆ. ಕೈಯಿಂದ ಮುಟ್ಟುವವರು ಮೊದಲು ಮುಟ್ಟುವುದು ಮೂಗನ್ನೇ. ಜಿಡ್ಡು ಹಿಡಿದು ಕಪ್ಪಾದರೆ ಅಲ್ಲಿ ಮಾತ್ರ ಸ್ಪಿರಿಟ್ ಅದ್ದಿದ ಹತ್ತಿಯಿಂದ ಹಗುರವಾಗಿ ಒರೆಸಬಹುದು. ಆದರೆ ಕೆಳಗೆ ಅರಗು ಹಚ್ಚಿ ಬಿಳಿ ಬಳಿದ ಜಾಗಕ್ಕೆ ಆ ಹತ್ತಿ ಸೋಕಬಾರದು, ಸ್ಪಿರಿಟ್ ಒಳಗಿನ ಅರಗನ್ನು ಕರಗಿಸಿ ಬಿಳಿಯನ್ನು ಸುಕ್ಕುಗಟ್ಟಿಸುತ್ತದೆ.